ದಂಡದ ಮೆಸೇಜು ಬರುತ್ತೆ, ರೀಕಾಲ್ ಮೆಸೇಜು ಯಾಕೆ ಬರಲ್ಲ?

ಸಂಪಾದಕರೇ,

ಹೆಲ್ಮೆಟ್ ಇಲ್ಲದೆ ಒಂದು ಸಿಗ್ನಲ್ ದಾಟಿದರೆ ಸಾಕು, ಕ್ಯಾಮೆರಾ ಫೋಟೊ ಹಿಡಿದು ದಂಡದ ಮೆಸೇಜು ಮೊಬೈಲಿಗೆ ಬಂದು ಬೀಳುತ್ತದೆ. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರಿಗೇ ಬರುತ್ತದೆ, ತಪ್ಪುವುದಿಲ್ಲ. ಆದರೆ ಅದೇ ಗಾಡಿಯನ್ನು ತಯಾರಿಸುವಾಗಲೇ ಬ್ರೇಕಿನಲ್ಲಿ ದೋಷ ಉಳಿದಿದೆ, ಕಂಪನಿ ವಾಪಸ್ ಕರೆದಿದೆ, ದುಡ್ಡು ತಗೊಳ್ಳದೆ ಪಾರ್ಟು ಹಾಕಿಕೊಡುತ್ತಾರೆ ಅನ್ನುವ ಸುದ್ದಿ ಮಾತ್ರ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇದು ಯಾಕೆ ಹೀಗೆ ಅಂತ ಕೇಳೋಣ ಅಂತಲೇ ಈ ಪತ್ರ.

ಹೀಗೆ ಗಾಡಿ ವಾಪಸ್ ಕರೆಯುವ ರೀಕಾಲ್ ಅನ್ನುವುದು ಅಪರೂಪದ ಸಂಗತಿಯೇನೂ ಅಲ್ಲ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಬುಲೆಟ್ 350, ಕ್ಲಾಸಿಕ್ 350, ಮೀಟಿಯಾರ್ 350 ಸೇರಿ 2,36,966 ಬೈಕುಗಳನ್ನು ಕರೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೊಸ ಕ್ಲಾಸಿಕ್ 350ರ ಹಿಂದಿನ ಬ್ರೇಕಿನ ಬ್ರಾಕೆಟ್ಟಿಗೆ ಇನ್ನೂ 26,300. 2024ರ ಫೆಬ್ರುವರಿಯಲ್ಲಿ ಯಮಹಾ ಬ್ರೇಕ್ ಲಿವರ್ ಸರಿ ಮಾಡಲು ಸುಮಾರು 3 ಲಕ್ಷ ಸ್ಕೂಟರುಗಳನ್ನು ಕರೆಯಿತು. ಅದಾಗಿ ಐದು ತಿಂಗಳಿಗೆ ಸುಜುಕಿಯ ಸರದಿ. ಆಕ್ಸೆಸ್, ಅವೆನಿಸ್, ಬರ್ಗ್‌ಮನ್ ಸೇರಿ ಸುಮಾರು 3.88 ಲಕ್ಷ ಗಾಡಿ. ದೋಷ ಇದ್ದದ್ದು ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಹೈ ಟೆನ್ಷನ್ ವೈರಿನಲ್ಲಿ. ಎಂಜಿನ್ ಅಲುಗಾಡಿದಂತೆಲ್ಲ ಆ ವೈರು ಬಾಗಿ ಬಾಗಿ ಬಿರುಕು ಬಿಡಬಹುದು, ಆಮೇಲೆ ಓಡುತ್ತಿದ್ದ ಗಾಡಿ ಸುಮ್ನೆ ಆಫ್ ಆಗಬಹುದು, ಬಿರುಕಿಗೆ ಮಳೆನೀರು ಬಿದ್ದರಂತೂ ಕರೆಂಟ್ ಸೋರಿ ಸೆನ್ಸರುಗಳೂ ಹಾಳಾಗಬಹುದು. ಇಷ್ಟುದ್ದದ ಒಂದು ವೈರು, ನೋಡಿ! ಆ ಗಾಡಿಗಳು ತಯಾರಾಗಿದ್ದು 2022ರಲ್ಲಿ, ಕರೆದದ್ದು 2024ರಲ್ಲಿ. ಅಷ್ಟರೊಳಗೆ ಎಷ್ಟು ಗಾಡಿ ಕೈ ಬದಲಾಗಿರಬೇಡ?

ಈ ಕಂಪನಿಗಳನ್ನು ನಾನು ಬೈಯುತ್ತಿಲ್ಲ. ಬಾಯಿ ಮುಚ್ಚಿಕೊಂಡು ಕೂರುವವರಿಗಿಂತ ಕರೆದವರೇ ವಾಸಿ. ತಕರಾರು ಇರುವುದು ಆ ಕರೆ ಯಾರಿಗೆ ಮುಟ್ಟುತ್ತದೆ ಅನ್ನುವುದರಲ್ಲಿ. ಡೀಲರ್ ಹತ್ತಿರ ಇರುವುದು ಶೋರೂಮಿನಿಂದ ಗಾಡಿ ಬಿಡಿಸಿಕೊಂಡವರ ನಂಬರು. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ (ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ). ಅದಕ್ಕೆ ರೀಕಾಲ್ ಇದೆ ಅಂತ ನನಗೆ ಹೇಳಿದ್ದು ನಮ್ಮ ಬೀದಿಯ ಗ್ಯಾರೇಜಿನ ಹುಡುಗ. ಶೋರೂಮಿನವರು ಮೊದಲ ಮಾಲೀಕರಿಗೆ ಫೋನ್ ಮಾಡಿದ್ದರಂತೆ, ಅವರು "ಗಾಡಿ ಮಾರಿಬಿಟ್ಟಿದ್ದೀನಿ" ಅಂದರಂತೆ, ಅಲ್ಲಿಗೆ ವಿಷಯ ಮುಗಿಯಿತು.

ಸರ್ವಿಸ್ ಸೆಂಟರಿಗೆ ಹೋದರೆ ಅಲ್ಲಿ ಇನ್ನೊಂದು ತಮಾಷೆ. ಓಡುತ್ತಿರುವಾಗ ಎಂಜಿನ್ ಬಂದ್ ಆಗುತ್ತೆ ಅಂತ ನಾನು ಹೇಳಿದೆ. ಕೌಂಟರಿನವರು ಜಾಬ್ ಕಾರ್ಡಿನಲ್ಲಿ ಟೈಪ್ ಮಾಡಿದ್ದು "ಜನರಲ್ ಚೆಕಪ್". ನಾನು ಹೇಳಿದ್ದನ್ನೇ ಬರೀರಿ ಅಂದರೆ "ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ ಸರ್" ಅಂದರು. ಕೊನೆಗೆ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆಸಿ ಸೀಲ್ ಹಾಕಿಸಿಕೊಂಡೆ, ಅದಕ್ಕೆ ಅರ್ಧ ಗಂಟೆ ವಾದ. ನೀವೂ ಬರೆಸಿಕೊಳ್ಳಿ. ಗ್ರಾಹಕರ ಆಯೋಗಕ್ಕೆ ಹೋದರೆ ಅಲ್ಲಿ ಕೇಳುವುದು ಈ ಕಾಗದವನ್ನೇ.

ಇದೇನು ಬರೀ ಕೌಂಟರಿನ ಸೋಮಾರಿತನ ಅಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ 110ಎ ಅನ್ನುವ ಕಲಂ ಬಂತು. ದೋಷ ಇರುವ ಗಾಡಿಗಳನ್ನು ವಾಪಸ್ ಕರೆಯಿರಿ ಅಂತ ಕೇಂದ್ರ ಸರ್ಕಾರವೇ ಕಂಪನಿಗೆ ಆದೇಶ ಕೊಡಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ, ದಂಡ ಒಂದು ಕೋಟಿ ರೂಪಾಯಿವರೆಗೂ ಇದೆ. ಆದರೆ ಆದೇಶ ಹೊರಡಬೇಕಾದರೆ ಒಂದು ಮುಖ್ಯ ದಾರಿ ಮಾಲೀಕರ ದೂರುಗಳ ಲೆಕ್ಕ. ಆ ಮಾಡೆಲ್ ವರ್ಷಕ್ಕೆ ಎಷ್ಟು ಮಾರಾಟವಾಗುತ್ತದೆ ಅನ್ನುವುದರ ಮೇಲೆ ಇಂತಿಷ್ಟು ದೂರು ಬರಬೇಕು ಅಂತ ನಿಗದಿ ಮಾಡಿದ್ದಾರೆ. ದೂರನ್ನೆಲ್ಲ ಜನರಲ್ ಚೆಕಪ್ ಅಂತ ಬರೆದು ಕೂತರೆ, ಜನರಿಗೆ ಕೇಂದ್ರ ಸಾರಿಗೆ ಸಚಿವಾಲಯದ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು ಅನ್ನುವುದೇ ಗೊತ್ತಿಲ್ಲದಿದ್ದರೆ, ಆ ಲೆಕ್ಕ ಯಾವ ಜನ್ಮದಲ್ಲಿ ತುಂಬುತ್ತೆ?

ದೂರು ಹೋಗುವ ದಾರಿ ಕಟ್ಟಿಕೊಂಡರೆ ಏನಾಗುತ್ತದೆ ಅಂತ ಕಲಬುರಗಿಯಲ್ಲಿ ನೋಡಿದ್ದೇವೆ. 2024ರ ಸೆಪ್ಟೆಂಬರಿನಲ್ಲಿ, ಹೊಸ ಓಲಾ ಎಲೆಕ್ಟ್ರಿಕ್ ಸ್ಕೂಟರ್ ಪದೇ ಪದೇ ಕೆಡುತ್ತಿದೆ, ಕೇಳಿದರೆ ಸರಿಯಾದ ಉತ್ತರ ಕೊಡುತ್ತಿಲ್ಲ ಅಂತ ರೋಸಿಹೋದ ಯುವಕನೊಬ್ಬ ಶೋರೂಮಿಗೇ ಪೆಟ್ರೋಲ್ ಸುರಿದು ಬೆಂಕಿ ಇಟ್ಟ. ಅವನೇ ಒಬ್ಬ ಮೆಕ್ಯಾನಿಕ್. ಮಾಡಿದ್ದು ತಪ್ಪು, ಅರೆಸ್ಟೂ ಆದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ತಿಂಗಳೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬೆಂಗಳೂರಿನ ಓಲಾ ಎಲೆಕ್ಟ್ರಿಕ್‌ಗೆ ನೋಟಿಸ್ ಕೊಟ್ಟಿತು. ಗ್ರಾಹಕರ ಸಹಾಯವಾಣಿಗೆ ಒಂದು ವರ್ಷದಲ್ಲಿ ಆ ಕಂಪನಿ ಮೇಲೆ ಬಂದಿದ್ದ ದೂರು 10,644. ಶೇ 99.1ರಷ್ಟು ಬಗೆಹರಿಸಿದ್ದೇವೆ ಅಂತ ಕಂಪನಿ ಉತ್ತರ ಕೊಟ್ಟಿತು, ಅದು ಬೇರೆ ವಿಷಯ. ನಾನು ಹೇಳುವುದು ಇಷ್ಟೇ, ಎಣಿಸುವುದಕ್ಕೆ ಒಂದು ಜಾಗ ಇದ್ದದ್ದರಿಂದ ನೋಟಿಸ್ ಬಂತು. ಆ ಸಹಾಯವಾಣಿ ನಂಬರ್ 1915, ಕನ್ನಡದಲ್ಲೂ ಮಾತಾಡಬಹುದು.

ಈಗ ಸಾರಿಗೆ ಇಲಾಖೆಗೆ ನನ್ನ ಕೋರಿಕೆ. ಗಾಡಿ ಈಗ ಯಾರದು ಅಂತ ಕಂಪನಿಗೆ ಗೊತ್ತಿಲ್ಲದಿರಬಹುದು, ನಿಮಗೆ ಗೊತ್ತಿದೆ. ಫಾರಂ 29, 30 ಕೊಟ್ಟು ಹೆಸರು ಬದಲಾಯಿಸುವಾಗ ಮೊಬೈಲ್ ನಂಬರನ್ನೂ ತಗೊಂಡಿರುತ್ತೀರಿ. ಕಂಪನಿ ಚಾಸಿ ನಂಬರಿನ ಪಟ್ಟಿ ಕೊಡಲಿ, ಮೆಸೇಜು ನೀವೇ ಕಳಿಸಿ. ನಮ್ಮ ನಂಬರು ಕಂಪನಿಗೆ ಕೊಡುವ ಗೋಜೇ ಇಲ್ಲ. ಮೊಬೈಲ್ ನಂಬರು ಬದಲಾಗಿದ್ದರೂ ಚಿಂತೆಯಿಲ್ಲ, ಹೊಗೆ ತಪಾಸಣೆಗೆ ಗಾಡಿ ಬಂದೇ ಬರುತ್ತೆ ಅಲ್ವಾ? ಅಲ್ಲಿ ಕೊಡುವ ಸರ್ಟಿಫಿಕೇಟಿನಲ್ಲೇ "ಈ ಗಾಡಿಗೆ ರೀಕಾಲ್ ಬಾಕಿ ಇದೆ" ಅಂತ ಒಂದು ಸಾಲು ಪ್ರಿಂಟ್ ಆದರೆ ಸಾಕು. ಕೆಲವು ಕಂಪನಿಗಳ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನೋಡಬಹುದು, ನಿಜ. ಆದರೆ ರೀಕಾಲ್ ಇದೆ ಅಂತ ಮೊದಲೇ ಗೊತ್ತಿದ್ದವರು ತಾನೇ ಅಲ್ಲಿಗೆ ಹೋಗುವುದು?

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಚಿನ್ನ ಬೆಳ್ಳಿ ದರ, ಜಲಾಶಯಗಳ ನೀರಿನ ಮಟ್ಟ ದಿನಾ ಹಾಕುತ್ತೀರಿ. ವಾರಕ್ಕೊಂದು ಸಲ ಯಾವ ಮಾಡೆಲ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ ತಯಾರಾಗಿದ್ದು, ಏನು ದೋಷ, ಇಷ್ಟನ್ನು ಒಂದು ಸಣ್ಣ ಚೌಕದಲ್ಲಿ ಹಾಕಿ. ಗ್ಯಾರೇಜಿನ ಹುಡುಗರು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

— ಒಬ್ಬ ಬೈಕ್ ಸವಾರ, ತುಮಕೂರು