ನಾರ್ಮಲ್ ಅಂತ ಬಂದ ಚೀಟಿ

ಪ್ರೀತಿಯ ಪುಟ್ಟೀ,

ಪತ್ರ ಮುಟ್ಟಿತು. ಮದುವೆಮನೆ ಸುದ್ದಿ, ಹೊಸ ಮನೆ ಬಾಡಿಗೆ, ಎಲ್ಲಾ ಓದಿದೆ. ಆದರೆ ನಡುವೆ ಬರೆದ ಒಂದು ಸಾಲು ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ‘ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಬಿಡುತ್ತದೆ. ಟ್ರೊಪೋನಿನ್ ಅನ್ನೋ ರಕ್ತದ ಟೆಸ್ಟ್ ನಾರ್ಮಲ್ ಬಂತು ಅತ್ತೆ, ಹಾಗಾದ್ರೆ ಹೃದಯದ್ದಲ್ಲ ಅಲ್ವಾ?’

ಆ ‘ಅಲ್ವಾ’ ಓದಿ ಕೈ ತಣ್ಣಗಾಯಿತು. ನಾನೂ ಒಮ್ಮೆ ಹಾಗೇ ಕೇಳಿದ್ದೆ.

ನಿನ್ನ ಮಾವನನ್ನು ಹುಬ್ಬಳ್ಳಿಗೆ ಒಯ್ಯುವಾಗ ಗಾಡಿ ಮುಂಡಗೋಡ ದಾಟುವ ಮೊದಲೇ ಹೋಗಿಬಿಟ್ಟರು. ಅದು ನಿನಗೆ ಗೊತ್ತು. ಆ ಮಧ್ಯಾಹ್ನದ್ದು ಯಾರಿಗೂ ಹೇಳಿಲ್ಲ. ಅಡಿಕೆ ಕೊನೆಕೊಯ್ಲಿನ ದಿನ. ತೋಟದಿಂದ ಬಂದವರು ಅಂಗಳದಲ್ಲೇ ಕೂತುಬಿಟ್ಟರು. ಮೈಯೆಲ್ಲ ಬೆವರು. ಆಸ್ಪತ್ರೆಯಲ್ಲಿ ಟೆಸ್ಟಿಗೆ ರಕ್ತ ಕೊಟ್ಟೆವು. ‘ಟ್ರೊಪೋನಿನ್ ನೆಗೆಟಿವ್, ಗ್ಯಾಸ್ ಇರಬೇಕು’ ಅಂದರು. ನಾನು ಆ ಚೀಟಿ ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಎಷ್ಟು ಹಗುರ ಅನ್ನಿಸಿತ್ತು ಗೊತ್ತಾ? ಮನೆಗೆ ಬಂದು ಜೀರಿಗೆ ಕಷಾಯ ಮಾಡಿಕೊಟ್ಟೆ. ಇನ್ನೊಮ್ಮೆ ನೋಡಿ ಅಂತ ಒಂದು ಮಾತು ಕೇಳಲಿಲ್ಲ.

ಆಮೇಲೆ ಕಂಡ ಡಾಕ್ಟರರನ್ನೆಲ್ಲ ಕೇಳಿದೆ. ಟ್ರೊಪೋನಿನ್ ಹೃದಯದ ಸ್ನಾಯುವಿನೊಳಗೆ ಇರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟು ಬಿದ್ದ ಮೇಲೆ ರಕ್ತಕ್ಕೆ ಸೋರುತ್ತದೆ. ಹಳೆಯ ಟೆಸ್ಟಿನಲ್ಲಿ ಕಾಣಲು 3-4 ತಾಸಾದರೂ ಬೇಕಿತ್ತು. ಈಗಿನ ಹೈ-ಸೆನ್ಸಿಟಿವಿಟಿ ಟೆಸ್ಟ್ ಬೇಗ ಹಿಡಿಯುತ್ತದೆ. ಆದರೂ 1ರಿಂದ 3 ತಾಸು ಬಿಟ್ಟು ಮತ್ತೆ ರಕ್ತ ತೆಗೆದು, ಏರುತ್ತಿದೆಯಾ ಅಂತ ನೋಡುತ್ತಾರೆ. ಮಾವನ ಚೀಟಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ರಕ್ತ ತೆಗೆದ ಹೊತ್ತು 3.10 ಅಂತಿದೆ. ನೋವು ಶುರುವಾಗಿದ್ದು ಎರಡೂವರೆಗೆ.

ನಿನ್ನದು ಬೇರೆ ಥರ ಇರಬಹುದು, ಅದೇ ನನ್ನ ಹೆದರಿಕೆ. ತೋಟಕ್ಕೆ ನೀರು ಕಮ್ಮಿಯಾದ ದಿನವೇ ಸೋಗೆ ಒಣಗುತ್ತದಾ? ಮರ ಸುಮಾರು ದಿನ ತಡೆದುಕೊಳ್ಳುತ್ತದೆ. ಹೃದಯಕ್ಕೆ ರಕ್ತ ಸಾಲದೆ ಹತ್ತುವಾಗ ನೋವು ಬಂದು, ನಿಂತಾಗ ಬಿಟ್ಟರೆ, ಸ್ನಾಯು ಸತ್ತಿರುವುದಿಲ್ಲ. ಆಗ ಟ್ರೊಪೋನಿನ್ ನಾರ್ಮಲ್ಲೇ ಬರಬಹುದು. ಕೊರತೆ ಮಾತ್ರ ಇದ್ದೇ ಇರುತ್ತದೆ. ಆ ಕೊರತೆಯನ್ನೇ ಹಿಡಿಯಲು ಇಸ್ಕೀಮಿಯಾ ಮಾಡಿಫೈಡ್ ಅಲ್ಬುಮಿನ್ ಅಂತ ಒಂದು ಟೆಸ್ಟ್ ಮಾಡಿದ್ದಾರಂತೆ. ಹೃದಯಕ್ಕೆ ರಕ್ತ ಕಮ್ಮಿಯಾದಾಗ, ರಕ್ತದಲ್ಲಿರುವ ಅಲ್ಬುಮಿನ್ ಅನ್ನೋ ಪ್ರೋಟೀನ್‌ಗೆ ಕೋಬಾಲ್ಟ್ ಲೋಹ ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ, ನಿಮಿಷಗಳಲ್ಲೇ ಗೊತ್ತಾಗುತ್ತದೆ. ಆದರೆ ಲಿವರ್ ಕಾಯಿಲೆಯಲ್ಲೂ ಹಾಗಾಗುತ್ತದೆ. ಅದೊಂದನ್ನೇ ನಂಬಿ ಕೂರಲು ಆಗುವುದಿಲ್ಲ.

ನಾನು ಓದಿದವಳಲ್ಲ, ಡಾಕ್ಟರಿಕೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡ. ಇಸಿಜಿ ಆಗಿದೆಯಾ? ನಡೆಸಿ ನೋಡುವ ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಅಂತ ಹೃದಯದ ಡಾಕ್ಟರನ್ನೇ ಕೇಳು. ಹೆಂಗಸರಿಗೆ ಹೃದಯದ ತೊಂದರೆ ದವಡೆ ನೋವು, ಓಕರಿಕೆ, ಸುಸ್ತಾಗಿಯೂ ಬರುತ್ತದಂತೆ, ಅದನ್ನೂ ಮುಚ್ಚಿಡಬೇಡ. ಸುಮ್ನೆ ಕೂತಾಗ ನೋವು ಬಂದರೆ ಅಥವಾ ನಿಂತರೂ ಬಿಡದಿದ್ದರೆ ಸ್ಕೂಟರ್ ಹತ್ತಬೇಡ, 108ಕ್ಕೆ ಫೋನ್ ಮಾಡು. ನಿನ್ನ ರಿಪೋರ್ಟಿನಲ್ಲಿ ರಕ್ತ ತೆಗೆದ ಹೊತ್ತು ಇದೆಯಾ ನೋಡು. ಪಕ್ಕದಲ್ಲಿ ನೋವು ಬಂದ ಹೊತ್ತು ಬರೆದಿಟ್ಟುಕೋ.

ಮೆಟ್ಟಿಲಿನ ವಿಷಯ ಡಾಕ್ಟರಿಗೆ ಹೇಳಿದೆಯಾ, ಇಲ್ಲವಾ? ಅದನ್ನು ನೀನು ಬರೆದೇ ಇಲ್ಲ. ಹೇಳಿದ ದಿನ ಎಷ್ಟು ರಾತ್ರಿಯಾದರೂ ಫೋನ್ ಮಾಡು, ನಾನು ಎದ್ದಿರುತ್ತೇನೆ.

ನಿನ್ನ
ಶಿರಸಿ ಅತ್ತೆ