ಸರಿಹೋದ ಮೇಲೆ ಬರುತ್ತೇನೆ ಅಂದ ಮಗಳಿಗೆ

ಪ್ರೀತಿಯ ಮಗಳೇ,

"ಪ್ರಾರ್ಥನೆ ಮಾಡೋಕೆ ಮುಖ ಇಲ್ಲ ಅಪ್ಪಾ. ಮೊದಲು ಸ್ವಲ್ಪ ಸರಿಹೋಗ್ತೀನಿ, ಆಮೇಲೆ ನೋಡೋಣ" ಅಂತ ಬರೆದಿದ್ದೀಯ. ಫೋನಿನಲ್ಲಾದರೆ ನಾನು ಉಪದೇಶಕ್ಕೆ ಇಳಿದುಬಿಡುತ್ತೇನೆ, ನೀನು ಸುಮ್ನೆ "ಹೂಂ, ಹೂಂ" ಅಂತೀಯ. ಅದಕ್ಕೇ ಕಾಗದ ಬರೆಯಲು ಕೂತೆ. ಹೇಳಬೇಕಾದ್ದು ಒಂದೇ ವಿಷಯ. ನೀನು ಮೊದಲು ಅಂತಿರುವುದು ಆಮೇಲಿನದು, ಆಮೇಲೆ ಅಂತಿರುವುದು ಮೊದಲಿನದು.

ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಿರಿಯ ಮಗನ ಕತೆ, ಅಪ್ಪನಿಂದ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲಾ ಹಾಳುಮಾಡಿಕೊಂಡವನ ಕತೆ, ನಿನಗೆ ಬಾಯಿಪಾಠ. ಆದರೂ 18, 19ನೇ ವಚನಗಳ ಪಕ್ಕ 21ನೇ ವಚನ ಇಟ್ಟು ಇನ್ನೊಂದು ಸಲ ಓದು. ಹಂದಿ ಕಾಯುತ್ತಾ ಹಸಿದು ಕೂತ ಹುಡುಗ, ಮನೆಗೆ ಹೋಗಿ ಏನು ಹೇಳಬೇಕು ಅಂತ ಅಲ್ಲೇ ಮಾತು ಜೋಡಿಸಿಕೊಳ್ಳುತ್ತಾನೆ. ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ನನ್ನನ್ನು ಒಬ್ಬ ಕೂಲಿಯಾಳಿನ ಹಾಗೆ ಇಟ್ಟುಕೋ. ಅಪ್ಪನ ಎದುರು ನಿಂತಾಗ ಮೊದಲ ಎರಡು ಮಾತು ಹೇಳುತ್ತಾನೆ. ಕೂಲಿಯ ಮಾತು ಬಾಯಿಂದ ಹೊರಗೆ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಒಳ್ಳೇ ಬಟ್ಟೆ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಜೋಡು ತೊಡಿಸಿ ಅನ್ನುತ್ತಿದ್ದಾನೆ. ಅದಕ್ಕೂ ಮೊದಲು, ಹುಡುಗ ಬಾಯಿ ತೆರೆಯುವ ಮುಂಚೆಯೇ, ಓಡಿ ಬಂದು ಅಪ್ಪಿಕೊಂಡೂ ಆಗಿದೆ.

ಮಗನಾಗಿ ಬೇಡ, ದುಡಿದು ತಿನ್ನುತ್ತೇನೆ ಅನ್ನುವುದು ಆ ಹುಡುಗನ ಲೆಕ್ಕ. ನಿನ್ನ "ಮೊದಲು ಸರಿಹೋಗ್ತೀನಿ" ಕೂಡ ಅದೇ ಅಲ್ವಾ?

ಇನ್ನು ನೀನು ಸಿಟ್ಟಿನಲ್ಲೇ ಕೇಳಿದ ಪ್ರಶ್ನೆ. ರಕ್ತ ನೋಡಿದ ಮೇಲೇ ತಣ್ಣಗಾಗುವ ದೇವರು ಎಂಥ ದೇವರು? ಹೀಗೆ ಕೇಳಿದೆ ಅಂತ ನನಗೆ ಬೇಜಾರಿಲ್ಲ. ಕೆಲವು ಪ್ರಸಂಗಗಳು ಇರುವುದೇ ಹಾಗೆ. ಮೇಲೆ ಕೆಂಡಾಮಂಡಲವಾದ ತಂದೆ, ನಡುವೆ ಬಂದು ಏಟು ತಿನ್ನುವ ಮಗ. ಕೇಳಿದವರಿಗೆ ಯೇಸುವಿನ ಮೇಲೆ ಪ್ರೀತಿ ಹುಟ್ಟುತ್ತದೆ, ದೇವರ ಬಗ್ಗೆ ಮಾತ್ರ ಹೆದರಿಕೆ ಹಾಗೇ ಉಳಿಯುತ್ತದೆ. ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಹಾಗೆ ಬರೆದಿಲ್ಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 5ನೇ ಅಧ್ಯಾಯ ತೆಗೆದು ನೋಡು. ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಂಧಾನ ಮಾಡಿಕೊಂಡನು ಅನ್ನುತ್ತಾನೆ. ದೇವರ ಮನಸ್ಸು ತಿರುಗಿಸಲು ಹೊರಗಿನಿಂದ ಯಾರೋ ಬಂದದ್ದಲ್ಲ. ಬಂದದ್ದು ದೇವರೇ.

ಬಲಿಯ ಮಾತು ಬೈಬಲಿನಲ್ಲಿ ಇಲ್ಲ ಅಂತ ನಾನು ಹೇಳುವುದಿಲ್ಲ. ಖಂಡಿತ ಇದೆ. ತಪ್ಪಿಗೆ ಬೆಲೆ ಇದೆ, ಸುಮ್ನೆ ಕಣ್ಣುಮುಚ್ಚಿಕೊಂಡು ಬಿಟ್ಟುಬಿಡುವುದು ಕ್ಷಮೆ ಅಲ್ಲ. ಆದರೆ ಯಾಜಕಕಾಂಡ 17:11ರಲ್ಲಿ ಬಲಿಯ ರಕ್ತದ ಬಗ್ಗೆ ದೇವರು ಹೇಳುವುದು, ದೋಷಪರಿಹಾರಕ್ಕಾಗಿ ಅದನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಅಂತ. ಆಗಲೂ ಕೊಟ್ಟವನು ಆತನೇ.

ಪೌಲನ ಆ ಅಧ್ಯಾಯದಲ್ಲಿ ನನ್ನನ್ನು ಇವತ್ತಿಗೂ ತಡೆದು ನಿಲ್ಲಿಸುವುದು 20ನೇ ವಚನ. ನಾವು ಕ್ರಿಸ್ತನ ರಾಯಭಾರಿಗಳು, ದೇವರೊಂದಿಗೆ ಸಮಾಧಾನವಾಗಿ ಅಂತ ನಿಮ್ಮನ್ನು ಬೇಡಿಕೊಳ್ಳುತ್ತೇವೆ. ನಮ್ಮ ಜಗಳಗಳಲ್ಲಿ ತಪ್ಪು ಮಾಡಿದವರು ಬಂದು ಬೇಡಿಕೊಳ್ಳಬೇಕು. ಇಲ್ಲಿ ತಪ್ಪು ಯಾರಿಗೆ ಆಯಿತೋ ಆತನೇ ಜನ ಕಳಿಸಿ ಬೇಡಿಕೊಳ್ಳುತ್ತಿದ್ದಾನೆ. ಅವನು ರೋಮಾಪುರದವರಿಗೆ ಬರೆದ ಪತ್ರದಲ್ಲಿ (5:10) ಇನ್ನೂ ನೇರವಾಗಿದೆ. ನಾವು ವೈರಿಗಳಾಗಿದ್ದಾಗಲೇ ಸಂಧಾನ ಆಯಿತಂತೆ. ಸರಿಹೋದ ಮೇಲೆ ಅಲ್ಲ.

ಹಾಗಾದರೆ ನಂಬಿಕೆ ಯಾಕೆ ಬೇಕು? ಇಲ್ಲೇ ಜಾಸ್ತಿ ಜನ ಎಡವುವುದು. ಒಳ್ಳೇ ಕೆಲಸದಿಂದ ಗಳಿಸೋಕೆ ಆಗಲ್ಲ ಅಂತ ಒಪ್ಪಿಕೊಂಡು, ನಂಬಿಕೆಯನ್ನೇ ಇನ್ನೊಂದು ಗಳಿಕೆ ಮಾಡಿಕೊಳ್ಳುತ್ತಾರೆ. ನನ್ನದು ಸಾಕಷ್ಟು ಗಟ್ಟಿ ಇದೆಯಾ, ಅಳು ಬಂತಾ, ಮೈ ಜುಮ್ಮೆಂದಿತಾ ಅಂತ ದಿನಾ ಅಳೆಯುತ್ತಾ ಕೂರುತ್ತಾರೆ. ಎಫೆಸದವರಿಗೆ ಬರೆದ ಪತ್ರ ಹೇಳುವುದು ಕೃಪೆಯಿಂದ, ನಂಬಿಕೆಯ ಮೂಲಕ ಅಂತ. ಬಾಯಾರಿದವರು ನೀರಿಗೆ ಬೊಗಸೆ ಒಡ್ಡುತ್ತಾರೆ. ದಾಹ ತೀರಿಸುವುದು ನೀರು, ಬೊಗಸೆ ಅಲ್ಲ. ಕೈ ನಡುಗುತ್ತಿದ್ದರೂ ನೀರು ನೀರೇ. ಮಾರ್ಕನ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಕೂಗುತ್ತಾನಲ್ಲ. ಅರ್ಧಂಬರ್ಧ ನಂಬಿಕೆ. ಆದರೂ ಯೇಸು ಆ ಹುಡುಗನನ್ನು ವಾಸಿ ಮಾಡಿದ.

ನಿನ್ನ ಕಥೋಲಿಕ ಗೆಳತಿ ಪಾದ್ರಿಯ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗ್ತಾಳೆ, ನಾವು ಹೋಗಲ್ಲ, ಯಾರು ಸರಿ ಅಂತಲೂ ಕೇಳಿದ್ದೀಯ. ಅದರಲ್ಲಿ ವ್ಯತ್ಯಾಸ ಇದೆ, ಇಲ್ಲ ಅನ್ನಲಾರೆ. ಆದರೆ ಬುಡದ ವಿಷಯದಲ್ಲಿ ನಾವು ಅಷ್ಟು ದೂರ ಇಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ ಸುಧಾರಣೆಯಿಂದ ಹುಟ್ಟಿದ ಸಭೆಗಳ ಲೂಥರನ್ ವಿಶ್ವ ಒಕ್ಕೂಟ ಸೇರಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ ಮಾತ್ರ ಅಂತ ಇಬ್ಬರೂ ಒಟ್ಟಿಗೆ ಹೇಳಿದರು. 2006ರಲ್ಲಿ ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥೊಡಿಸ್ಟರೂ ಸೇರಿಕೊಂಡರು. ಹೊಡೆದಾಡಿಕೊಂಡವರೇ ಇಷ್ಟು ಒಪ್ಪಿಕೊಳ್ಳಲು ಶತಮಾನಗಳೇ ಬೇಕಾದವು ನೋಡು.

ನೀನು ನೋಯಿಸಿದ ಆ ಇನ್ನೊಬ್ಬ ಗೆಳತಿಯ ವಿಷಯಕ್ಕೆ ಬರುತ್ತೇನೆ. ದೇವರು ಕ್ಷಮಿಸಿಬಿಟ್ಟರೆ ಅವಳ ಗತಿ ಏನು ಅಂತ ಕೇಳಿದ್ದೀಯ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಸಾಲು ಅದು. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನನ್ನು ನೆನಪು ಮಾಡಿಕೋ. ಮರ ಹತ್ತಿ ಕೂತವನಿಗೆ ಯೇಸು, ಮೊದಲು ಮೋಸದ ಹಣ ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರ್ತೀನಿ ಅನ್ನಲಿಲ್ಲ. ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಅಂತ ಜಕ್ಕಾಯ ಎದ್ದು ನಿಂತು ಹೇಳಿದ್ದು ಆಮೇಲೆ. ಆಮೇಲೆ, ಆದರೆ ಹೇಳಿದ್ದಂತೂ ಹೌದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಹೋಗಿ ಸಹೋದರನ ಹತ್ತಿರ ಸಮಾಧಾನ ಮಾಡಿಕೊಂಡು ಬಾ ಅಂತ ಮತ್ತಾಯನ 5ನೇ ಅಧ್ಯಾಯದಲ್ಲಿ ಹೇಳಿರುವುದೂ ಅದೇ ಯೇಸು.

ಹಾಗಾಗಿ ಅವಳಿಗೆ ಬರೆ. ಕಾರಣಗಳನ್ನು ಪಟ್ಟಿ ಮಾಡಬೇಡ. "ನೀನೂ ಹೀಗೆ ಮಾಡಿದ್ದೆ" ಅನ್ನುವುದಂತೂ ಬೇಡವೇ ಬೇಡ. ಅವಳು ಕ್ಷಮಿಸದೇ ಇರಬಹುದು, ಉತ್ತರವನ್ನೇ ಕೊಡದಿರಬಹುದು, ಅದು ಅವಳಿಗೆ ಬಿಟ್ಟಿದ್ದು. ಆ ಉತ್ತರ ಬರಲಿ ಅಂತ ಪ್ರಾರ್ಥನೆಯನ್ನು ಮುಂದಕ್ಕೆ ಹಾಕಬೇಡ. ಮಾತು ಸಿಗದಿದ್ದರೆ ಸುಂಕದವನ ಪ್ರಾರ್ಥನೆ ಇದೆ, ಲೂಕ 18:13. ಒಂದೇ ಸಾಲು.

ನಿನ್ನ ಅಪ್ಪ