ಗೆಳೆಯನಿಗೊಂದು ಪತ್ರ: ಐಸ್‌ಲ್ಯಾಂಡ್ ಸುತ್ತುವ ಮೊದಲು

ರೇಕ್ಯಾವಿಕ್,
ಫೆಬ್ರುವರಿ ಕೊನೆಯ ವಾರ

ಪ್ರಿಯ ರಾಘು,

ನೀನು ಕಳಿಸಿದ ಪಟ್ಟಿ ತಲುಪಿತು. ಏಳು ದಿನ, ಇಡೀ ದ್ವೀಪದ ಸುತ್ತು, ಜೊತೆಗೆ ವಾಯುವ್ಯ ಮೂಲೆಯ ವೆಸ್ಟ್‌ಫ್ಯೋರ್ಡ್ಸ್, ಬ್ಲೂ ಲಗೂನ್ ಎಂಬ ಬಿಸಿನೀರ ಕೊಳ, ಮಧ್ಯರಾತ್ರಿಯ ಬೆಳಕು, ಉತ್ತರಧ್ರುವ ಪ್ರಭೆ! ಕೊನೆಯ ಎರಡನ್ನು ಒಂದೇ ಸಾಲಿನಲ್ಲಿ ಬರೆದವನು ಭೌತಶಾಸ್ತ್ರದಲ್ಲಿ ರ್‍ಯಾಂಕ್ ಪಡೆದವನು ಎಂದು ಇಲ್ಲಿ ಯಾರಿಗೂ ನಾನು ಹೇಳಿಲ್ಲ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ನಡುರಾತ್ರಿಯ ಹೊತ್ತಿಗೆ. ಮತ್ತೆ ಮೂರು ಗಂಟೆಗೆಲ್ಲ ಹಾಜರು. ನಡುವೆ ಕತ್ತಲೆಯೇ ಆಗುವುದಿಲ್ಲ. ಕತ್ತಲಿಲ್ಲದೆ ಪ್ರಭೆ ಕಾಣುವುದೆಲ್ಲಿಂದ? ಸುಮಾಳಿಗೆ ಇದನ್ನು ನೀನೇ ಸಮಾಧಾನವಾಗಿ ಹೇಳು. ಮಲಗುವಾಗ ಕಟ್ಟಿಕೊಳ್ಳಲು ಕಣ್ಣುಪಟ್ಟಿ ತರುವುದನ್ನು ಮಾತ್ರ ಮರೆಯಬೇಡಿ.

ಪಟ್ಟಿಯಲ್ಲಿ ಅರ್ಧಕ್ಕೆ ಗೆರೆ ಎಳೆದಿದ್ದೇನೆ. ಬೇಸರಿಸಬೇಡ, ಕಾರಣ ಹೇಳುತ್ತೇನೆ. ಒಂದನೇ ನಂಬರಿನ ಹೆದ್ದಾರಿ, ಅಂದರೆ ದ್ವೀಪವನ್ನು ಸುತ್ತುವ ರಿಂಗ್ ರೋಡ್, 1,322 ಕಿ.ಮೀ. ಉದ್ದವಿದೆ. ಏಳರಿಂದ ಭಾಗಿಸಿದರೆ ದಿನಕ್ಕೆ ಸುಮಾರು ನೂರೆಂಬತ್ತೊಂಬತ್ತು. 'ಶಿವಮೊಗ್ಗದಿಂದ ಮಂಗಳೂರಿಗೆ ಹೋದಷ್ಟು' ಎಂದು ನೀನು ಬರೆದಿದ್ದೀಯ. ಲೆಕ್ಕ ಸರಿ, ಆದರೆ ಆ ಲೆಕ್ಕದಲ್ಲಿ ಗಾಳಿ ಇಲ್ಲ, ಮಂಜು ಇಲ್ಲ, ಕಾರು ನಿಲ್ಲಿಸಿ ಇಳಿಯುವ ಹೊತ್ತೂ ಇಲ್ಲ. ನಿನ್ನ ಅಮ್ಮನ ಮಂಡಿ ನೋವಂತೂ ಇಲ್ಲವೇ ಇಲ್ಲ. ಇಲ್ಲಿ ದಿನದ ಪ್ರಯಾಣವನ್ನು ತೀರ್ಮಾನಿಸುವುದು ನಾವಲ್ಲ, ರಸ್ತೆ. ಆದ್ದರಿಂದ ನನ್ನ ಯೋಜನೆಯಲ್ಲಿ ಹನ್ನೊಂದು ರಾತ್ರಿಗಳಿವೆ. ಅದರಲ್ಲಿ ಒಂದು ಪೂರ್ತಿ ದಿನವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಆ ಖಾಲಿ ದಿನಕ್ಕೆ ಏನನ್ನೂ ತುರುಕುವಂತಿಲ್ಲ. ಇದೊಂದೇ ನನ್ನ ಷರತ್ತು.

ಆ ದಿನವನ್ನು ಆಗ್ನೇಯ ಮೂಲೆಯಲ್ಲಿರುವ ಹೋಪ್ನ್ ಊರಿನ ಆಸುಪಾಸಿನಲ್ಲಿ ಇಟ್ಟಿದ್ದೇನೆ. ಯಾಕೆ ಅಲ್ಲಿಯೇ ಎಂದರೆ ಕಥೆ ಸ್ವಲ್ಪ ಉದ್ದ.

ಈ ವರ್ತುಲ ರಸ್ತೆ ಪೂರ್ತಿಯಾದದ್ದು 1974ರ ಜುಲೈನಲ್ಲಿ. ದ್ವೀಪದಲ್ಲಿ ಜನ ನೆಲೆಸಿ ಸಾವಿರದ ನೂರು ವರ್ಷವಾದ ಸಂಭ್ರಮದ ವರ್ಷ ಅದು. ಉಳಿದ ಕಡೆಯೆಲ್ಲ ರಸ್ತೆ ಬಂದಿದ್ದರೂ ದಕ್ಷಿಣದ ಒಂದು ತುಂಡು ಮಾತ್ರ ಯಾರ ಕೈಗೂ ಬಗ್ಗಿರಲಿಲ್ಲ. ಸ್ಕೇಯ್ದರಾರ್‌ಸಾಂದುರ್ ಎಂಬ ಕಪ್ಪು ಮರಳಿನ ಬಯಲು ಅದು. ಅದರ ಹಿಂಬದಿಗೆ ವಾಟ್ನಾಯೋಕುಲ್ ಹಿಮರಾಶಿ. ದೇಶದ ನೆಲದಲ್ಲಿ ಸುಮಾರು ಶೇ 8ರಷ್ಟನ್ನು ಅದೊಂದೇ ಮುಚ್ಚಿಕೊಂಡಿದೆ. ಆ ಹಿಮದಡಿಯಲ್ಲಿ ಜ್ವಾಲಾಮುಖಿಗಳಿವೆ. ಹಿಮ ಕರಗಿ ಹರಿಯುವ ನದಿಗಳು ಈ ಬಯಲಿನಲ್ಲಿ ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಪಾತ್ರ ಬದಲಿಸುತ್ತವೆ. ಅಂಥ ಕಡೆ ಸೇತುವೆ ಕಟ್ಟಲು ಹಣ ಸಾಲದೆ ಸರ್ಕಾರ ಲಾಟರಿ ಮಾದರಿಯ ಸಾಲಪತ್ರಗಳನ್ನು ಮಾರಿ ಜನರಿಂದಲೇ ಹಣ ಎತ್ತಿತು. ಅದಕ್ಕೂ ಮೊದಲು ಹೋಪ್ನ್ ಜನ ಕಾರಿನಲ್ಲಿ ರಾಜಧಾನಿಗೆ ಬರಬೇಕಾದರೆ ಪೂರ್ವ, ಉತ್ತರ ಎಲ್ಲ ಬಳಸಿಕೊಂಡು ಬರಬೇಕಿತ್ತು.

1996ರಲ್ಲಿ ಆ ಹಿಮದಡಿಯಲ್ಲಿ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಕೂಡಲೇ ಹೊರಗೆ ಬರಲಿಲ್ಲ. ವಾರಗಟ್ಟಲೆ ಒಳಗೇ ಸೇರಿಕೊಂಡು, ನವೆಂಬರ್ 5ರಂದು ಒಮ್ಮೆಲೇ ನುಗ್ಗಿತು. ಮನೆಯಷ್ಟು ದೊಡ್ಡ ಹಿಮದ ಬಂಡೆಗಳು ತೇಲಿ ಬಂದವು. ಒಂದು ಸೇತುವೆ ಪೂರ್ತಿ ಕೊಚ್ಚಿಹೋಯಿತು, ಇನ್ನೊಂದು ಭಾಗಶಃ ಹಾಳಾಯಿತು, ರಸ್ತೆ ಕಿಲೋಮೀಟರ್‌ಗಟ್ಟಲೆ ಮಾಯವಾಯಿತು. ಪ್ರವಾಹ ಬರುವುದು ಮೊದಲೇ ಗೊತ್ತಿದ್ದರಿಂದ ದಾರಿ ಮುಚ್ಚಿದ್ದರು, ಯಾರೂ ಸಾಯಲಿಲ್ಲ. ಕೆಲವೇ ವಾರಗಳಲ್ಲಿ ತಾತ್ಕಾಲಿಕ ದಾರಿ ಮಾಡಿ ವಾಹನ ಬಿಟ್ಟರು. ತಿರುಚಿಹೋದ ಉಕ್ಕಿನ ತೊಲೆಗಳನ್ನು ಇವತ್ತಿಗೂ ರಸ್ತೆ ಪಕ್ಕದಲ್ಲಿ ಇಟ್ಟಿದ್ದಾರೆ. ಜನ ಜಲಪಾತಗಳನ್ನು ನೋಡುವ ಆತುರದಲ್ಲಿ ಅದನ್ನು ದಾಟಿಕೊಂಡು ಹೋಗುತ್ತಾರೆ. ನಾವು ನಿಲ್ಲಿಸೋಣ. ಕಾರಿನಿಂದ ನಾಲ್ಕು ಹೆಜ್ಜೆ ಅಷ್ಟೆ, ಅಮ್ಮನೂ ಬರಬಹುದು.

2011ರ ಜುಲೈನಲ್ಲಿ ಮತ್ತೊಮ್ಮೆ ಹೀಗಾಯಿತು. ಈ ಸಲ ದಕ್ಷಿಣ ತೀರದ ವೀಕ್ ಊರಿನ ಪೂರ್ವಕ್ಕಿರುವ ಮೂಲಕ್ವೀಸ್ಲ್ ನದಿಯ ಸೇತುವೆ ಹೋಯಿತು. ಪ್ರವಾಸಿಗರ ಕಾಲದಲ್ಲೇ ವರ್ತುಲ ತುಂಡಾಗಿತ್ತು. ಹೊಸ ಸೇತುವೆ ನಿಲ್ಲುವ ತನಕ ದೊಡ್ಡ ಲಾರಿಗಳ ಮೇಲೆ ಕಾರುಗಳನ್ನು ಹೇರಿ ನದಿ ದಾಟಿಸಿದರು. ಇದೆಲ್ಲ ಪ್ರತಿವರ್ಷ ನಡೆಯುವುದಿಲ್ಲ, ಹೆದರಬೇಡ. ಆದರೆ ಬರೀ ಗಾಳಿಗೇ ಅಲ್ಲಿ ರಸ್ತೆ ಮುಚ್ಚುವುದುಂಟು. ಮರಳು ಹೊತ್ತ ಗಾಳಿ ಬೀಸಿದರೆ ಕಾರಿನ ಬಣ್ಣವನ್ನೇ ಕೆರೆದು ಹಾಕುತ್ತದೆ. ಹಾಗಾಗಿ ಆ ಮೂಲೆಯಲ್ಲಿ ಮೂರು ರಾತ್ರಿ. ಹವೆ ಚೆನ್ನಾಗಿದ್ದರೆ ಆ ಖಾಲಿ ದಿನ ಅಮ್ಮನಿಗೆ ವಿಶ್ರಾಂತಿ. ಕೆಟ್ಟಿದ್ದರೆ ಕಾಯುತ್ತೇವೆ. ಮುಂದೆ ಹೋಗಲು ಸಾಧ್ಯವೇ ಇಲ್ಲ ಎಂದಾದರೆ ಬಂದ ದಾರಿಯಲ್ಲಿ ಹಿಂದಿರುಗುತ್ತೇವೆ. 'ಸುತ್ತು ಪೂರ್ತಿಯಾಗಲಿಲ್ಲ' ಎಂದು ನೀನು ಮುಖ ಗಂಟು ಹಾಕಿಕೊಳ್ಳಬಾರದು. ಇದು ಪ್ರದಕ್ಷಿಣೆ ಅಲ್ಲ, ಅರ್ಧಕ್ಕೆ ಬಿಟ್ಟರೆ ಯಾವ ದೋಷವೂ ಇಲ್ಲ.

ದಿಕ್ಕಿನ ಬಗ್ಗೆ ಕೇಳಿದ್ದೆ. ಗಡಿಯಾರಕ್ಕೆ ಎದುರಾಗಿ, ದಕ್ಷಿಣ ಮೊದಲು. ಅಲ್ಲಿ ಜನಜಂಗುಳಿ ಹೆಚ್ಚು ನಿಜ, ಆದರೆ ಮೊದಲ ದಿನಗಳ ದಾರಿ ಚಿಕ್ಕದು. ವೀಕ್‌ಗೆ ಇಲ್ಲಿಂದ ಸುಮಾರು 190 ಕಿ.ಮೀ., ನಡುವೆ ಎರಡು ಜಲಪಾತಗಳು. ಸೆಲ್ಯಾಲಾಂಡ್ಸ್‌ಫಾಸ್‌ನ ಹಿಂಬದಿಗೆ ನಡೆದು ಹೋಗಬಹುದು, ಆದರೆ ಅಲ್ಲಿ ಜಾರುತ್ತದೆ, ಮೈಯೆಲ್ಲ ಒದ್ದೆ. ಅದು ನಿಮ್ಮಿಬ್ಬರಿಗೆ. ನಾನು ಅಮ್ಮನ ಜೊತೆ ಕೆಳಗೇ ಇರುತ್ತೇನೆ. ಸ್ಕೋಗಾಫಾಸ್ ಅಮ್ಮನಿಗೆ ಹೇಳಿ ಮಾಡಿಸಿದ್ದು. ಅರವತ್ತು ಮೀಟರ್ ಎತ್ತರದಿಂದ ಬೀಳುವ ನೀರಿನ ಬುಡದ ತನಕ ಸಮತಟ್ಟಾದ ನೆಲ. ಪಕ್ಕದಲ್ಲಿ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಅವುಗಳ ಸುದ್ದಿಯನ್ನು ಅಮ್ಮನ ಹತ್ತಿರ ಎತ್ತಬೇಡ. ಎತ್ತಿದರೆ 'ಚಾಮುಂಡಿ ಬೆಟ್ಟ ಹತ್ತಿದವಳು ನಾನು' ಎಂದು ಹೊರಟೇ ಬಿಡುತ್ತಾರೆ.

ವೀಕ್ ಹತ್ತಿರದ ರೇನಿಸ್‌ಫ್ಯಾರಾ ಕಡಲತೀರದ ಬಗ್ಗೆ ಮಾತ್ರ ತಮಾಷೆ ಇಲ್ಲ. ಕಪ್ಪು ಮರಳು, ಕಂಬ ಕಂಬವಾಗಿ ನಿಂತ ಬಸಾಲ್ಟ್ ಬಂಡೆ, ಬಹಳ ಚೆಂದ. ಆದರೆ ಶಾಂತವಾಗಿ ಕಾಣುವ ನೀರಿನಿಂದ ಇದ್ದಕ್ಕಿದ್ದಂತೆ ಒಂದು ಅಲೆ ಬಹಳ ದೂರ ಮೇಲಕ್ಕೆ ನುಗ್ಗಿ ನಿಂತವರನ್ನು ಎಳೆದುಕೊಂಡು ಹೋಗುತ್ತದೆ. ಹಾಗೆ ಸತ್ತವರಿದ್ದಾರೆ. ಎಚ್ಚರಿಕೆಯ ದೀಪ ಯಾವ ಬಣ್ಣ ತೋರಿಸುತ್ತದೋ ಅಷ್ಟೇ ದೂರ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದು ಬೇಡ. ಕಾರವಾರದಲ್ಲಿ ಈಜಿದ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವೀಕ್ ದಾಟಿದ ಮೇಲೆ ಹಸಿರು ಪಾಚಿ ಹೊದ್ದ ಲಾವಾ ಬಯಲು ಸಿಗುತ್ತದೆ. 1783ರ ಜೂನ್‌ನಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳ ಕಾಲ ಉಗುಳಿದ ಬೆಂಕಿ ಅದು. ವಿಷದ ಹೊಗೆಗೆ ಹುಲ್ಲು ಕೆಟ್ಟು, ದನಕುರಿ ಸತ್ತು, ಬರಗಾಲದಲ್ಲಿ ದೇಶದ ಐದರಲ್ಲೊಂದು ಪಾಲು ಜನ ಹೋದರು. ಆ ವರ್ಷ ಜುಲೈ 20ರಂದು ಯೋನ್ ಸ್ಟೇಯ್ನ್‌ಗ್ರಿಮ್ಸನ್ ಎಂಬ ಪಾದ್ರಿ, ಲಾವಾ ಊರಿನತ್ತ ಬರುತ್ತಿದ್ದಾಗಲೇ ಚರ್ಚಿನಲ್ಲಿ ಜನರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸಿದ. ಹೊರಗೆ ಬಂದು ನೋಡಿದರೆ ಲಾವಾ ಊರಿನ ಹೊರಗೇ ನಿಂತಿತ್ತಂತೆ. ಈ ಕಥೆ ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಆ ಪಾದ್ರಿಯ ನೆನಪಿಗೆ ಕಟ್ಟಿದ ಪುಟ್ಟ ಚರ್ಚೂ ದಾರಿಯಲ್ಲೇ ಇದೆ. ಆದರೆ ಆ ಪಾಚಿಯ ಮೇಲೆ ಯಾರೂ ಕಾಲಿಡುವುದು ಬೇಡ. ಒಮ್ಮೆ ತುಳಿದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು. ರಸ್ತೆ ಬಿಟ್ಟು ಕಾರು ಇಳಿಸುವುದಂತೂ ಇಡೀ ದೇಶದಲ್ಲಿ ಅಪರಾಧ, ದಂಡ ಭಾರಿ.

ಯೋಕುಲ್ಸಾರ್ಲೋನ್ ಸರೋವರವನ್ನು ಕಾರು ನಿಲ್ಲಿಸಿದ ಜಾಗದಿಂದಲೇ ನೋಡಬಹುದು. ನೀಲಿ ಹಿಮಗಡ್ಡೆಗಳು ತೇಲುತ್ತಾ ಸೇತುವೆಯಡಿಯಿಂದ ಸಮುದ್ರಕ್ಕೆ ಹೋಗುತ್ತವೆ. ನೂರು ವರ್ಷದ ಹಿಂದೆ ಈ ಸರೋವರವೇ ಇರಲಿಲ್ಲ. ಹಿಮನದಿ ಹಿಂದೆ ಸರಿದಂತೆ 1930ರ ದಶಕದಿಂದ ಹುಟ್ಟಿ ಬೆಳೆದದ್ದು. ಈಗ ದೇಶದಲ್ಲೇ ಅತಿ ಆಳದ ಸರೋವರ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರೋಣ.

ಪೂರ್ವ, ಉತ್ತರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡ್ಯೂಪಿವೋಗುರ್ ಊರು ದಾಟಿದ ಮೇಲೆ ಮೊಬೈಲ್ ನಕ್ಷೆ ಓಕ್ಸಿ ಎಂಬ ಕಣಿವೆ ದಾರಿಗೆ ತಿರುಗು ಎನ್ನುತ್ತದೆ. ದೂರ ಉಳಿಯುತ್ತದೆ ನಿಜ, ಆದರೆ ಕಡಿದಾದ ಜಲ್ಲಿ ರಸ್ತೆ, ಮಂಜು ಬೇರೆ. ಮುಖ್ಯ ರಸ್ತೆ 2019ರ ಹೊತ್ತಿಗೆ ಪೂರ್ತಿ ಡಾಂಬರು ಕಂಡಿದೆ. ಕೊಲ್ಲಿಗಳ ಅಂಚಿನಲ್ಲೇ ಬಳಸಿಕೊಂಡು ಹೋಗೋಣ. ಏಗಿಲ್ಸ್‌ಸ್ಟಾದಿರ್‌ನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಕು, ಮುಂದಿನ ನೂರೈವತ್ತು ಕಿಲೋಮೀಟರ್‌ನಲ್ಲಿ ಹೆಚ್ಚೇನೂ ಇಲ್ಲ. ಡೆಟಿಫಾಸ್ ಜಲಪಾತಕ್ಕೆ ಕಲ್ಲುದಾರಿಯಲ್ಲಿ ನಡೆಯಬೇಕು, ಅಮ್ಮನಿಗೆ ಆಗದಿರಬಹುದು. ಗೋಡಾಫಾಸ್ ಸುಲಭ. ಮೀವಾಟ್ನ್ ಸರೋವರದ ಬಳಿ ಎರಡು ರಾತ್ರಿ. ಅಲ್ಲಿ ಮೂಗು ಬಾಯಿಗೆಲ್ಲ ನುಗ್ಗುವ ಸಣ್ಣ ನೊಣಗಳಿವೆ, ತಲೆಗೆ ಹಾಕುವ ಬಲೆ ನಾನು ತಂದಿಡುತ್ತೇನೆ. ಬ್ಲೂ ಲಗೂನ್ ಬದಲು ಅಲ್ಲಿಯ ಬಿಸಿನೀರ ಕೊಳಕ್ಕೆ ಹೋಗೋಣ. 2023ರ ಕೊನೆಯಿಂದ ನೈಋತ್ಯದ ರೇಕ್ಯಾನೆಸ್ ಕಡೆ ಮತ್ತೆ ಮತ್ತೆ ಲಾವಾ ಉಕ್ಕಿದ್ದರಿಂದ ಬ್ಲೂ ಲಗೂನ್ ಹಲವು ಸಲ ಬಾಗಿಲು ಹಾಕಿದೆ. ಅದನ್ನು ನಂಬಿ ದಿನ ಇಟ್ಟುಕೊಳ್ಳುವುದು ಬೇಡ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಈಜುಕೊಳಕ್ಕೆ ಇಳಿಯುವ ಮುನ್ನ ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಲೇಬೇಕು, ಗಂಡಸರು ಹೆಂಗಸರು ಬೇರೆ ಬೇರೆ ಕೋಣೆಗಳಲ್ಲಿ. ಸಂಕೋಚವೆಂದರೆ ದಡದಲ್ಲಿ ಕುಳಿತು ಕಾಫಿ ಕುಡಿಯಬಹುದು. ಅಕುರೇರಿ ಹತ್ತಿರದ ಸುರಂಗಕ್ಕೆ ಸುಂಕವಿದೆ, ಆದರೆ ಕಟ್ಟಲು ಬೂತ್ ಇಲ್ಲ. ಆನ್‌ಲೈನ್‌ನಲ್ಲಿ ನಾನೇ ಕಟ್ಟುತ್ತೇನೆ. ವೆಸ್ಟ್‌ಫ್ಯೋರ್ಡ್ಸ್ ಈ ವರ್ತುಲದ ಮೇಲೆ ಇಲ್ಲವೇ ಇಲ್ಲ, ಅದಕ್ಕೆ ಇನ್ನೊಮ್ಮೆ ಬಾ.

ಇನ್ನು ಸ್ಟೀರಿಂಗ್. ಇಲ್ಲಿ ಬಲಗಡೆ ಓಡಿಸಬೇಕು. 1968ರ ಮೇ ತನಕ ಇವರೂ ನಮ್ಮಂತೆ ಎಡಕ್ಕೇ ಇದ್ದವರು. ಡಾಂಬರು ರಸ್ತೆಯಲ್ಲಿ ಗರಿಷ್ಠ ವೇಗ 90, ಜಲ್ಲಿಯ ಮೇಲೆ 80, ಊರೊಳಗೆ 50. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಒಂದೇ ಕಾರಿಗೆ ಜಾಗವಿರುವ ಸೇತುವೆಗಳು ಇನ್ನೂ ಇವೆ; ಮೊದಲು ಹತ್ತಿರ ಬಂದವರಿಗೆ ದಾರಿ. ಆಗುಂಬೆ ತಿರುವುಗಳಲ್ಲಿ ಕೈ ಪಳಗಿಸಿದವನಿಗೆ ಇದೆಲ್ಲ ಕಷ್ಟವಲ್ಲ. ಕಷ್ಟ ಇರುವುದು ಗಾಳಿಯಲ್ಲಿ. ಹವಾಮಾನ ವರದಿ ಸೆಕೆಂಡಿಗೆ ಇಷ್ಟು ಮೀಟರ್ ಎನ್ನುತ್ತದೆ. 20 ಎಂದರೆ ಗಂಟೆಗೆ 72 ಕಿ.ಮೀ. ಆ ದಿನ ಕಾರು ಹೊರಡುವುದಿಲ್ಲ. ಬಾಗಿಲು ತೆರೆಯುವಾಗ ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು. ಗಾಳಿಗೆ ಬಾಗಿಲು ಮುರಿದರೆ ಸಾಮಾನ್ಯವಾಗಿ ಬಾಡಿಗೆ ಕಾರಿನ ವಿಮೆ ಕೊಡುವುದಿಲ್ಲ. ಕುರಿಗಳ ಬಗ್ಗೆಯೂ ಎಚ್ಚರ: ತಾಯಿ ರಸ್ತೆಯ ಒಂದು ಬದಿ, ಮರಿ ಇನ್ನೊಂದು ಬದಿ ಕಂಡರೆ ಮರಿ ಅಡ್ಡ ಓಡಿಯೇ ಓಡುತ್ತದೆ ಎಂದುಕೊಂಡು ನಿಧಾನಿಸು. ಬೆಳಿಗ್ಗೆ ಹೊರಡುವ ಮೊದಲು ರಸ್ತೆ ಇಲಾಖೆಯ ಜಾಲತಾಣ ನೋಡುವುದು ನನ್ನ ಕೆಲಸ. 1777ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ.

ಊಟದ ಚಿಂತೆ ಸುಮಾ ಬರೆದಿದ್ದಾಳೆ. ಅಡುಗೆಮನೆ ಇರುವ ವಸತಿಗಳನ್ನೇ ಹುಡುಕುತ್ತಿದ್ದೇನೆ. ಸಾರಿನ ಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ, ಸಣ್ಣ ಕುಕ್ಕರ್ ತನ್ನಿ. ಕುಕ್ಕರ್ ಇಂಡಕ್ಷನ್ ಒಲೆಗೆ ಆಗುವಂಥದ್ದಾಗಿರಲಿ. ಅಕ್ಕಿ, ಬೇಳೆ ಇಲ್ಲೇ ಸಿಗುತ್ತದೆ. ಭೂಮಿಯ ಬಿಸಿಯಿಂದ ಕಾಯಿಸಿದ ಗಾಜಿನ ಮನೆಗಳಲ್ಲಿ ಬೆಳೆದ ಟೊಮೆಟೊ, ಸೌತೆಕಾಯಿ ಚೆನ್ನಾಗಿರುತ್ತವೆ. ಮೊಸರನ್ನಕ್ಕೆ ಇಲ್ಲಿಯ ಹುಳಿ ಹಾಲು ಸರಿಹೊಂದುತ್ತದೆ. ಸ್ಕೀರ್ ಎಂಬ ಇಲ್ಲಿಯ ಗಟ್ಟಿ ಮೊಸರನ್ನು ಅಮ್ಮನಿಗೆ ಕೊಡುವ ಮೊದಲು ಡಬ್ಬಿಯ ಮೇಲಿನ ಬರಹ ಓದಬೇಕು, ಕೆಲವದರಲ್ಲಿ ಹಾಲು ಗಟ್ಟಿಯಾಗಿಸಲು ಬಳಸುವ ಪ್ರಾಣಿಜನ್ಯ ರೆನೆಟ್ ಇರುತ್ತದೆ. ನಲ್ಲಿಯ ತಣ್ಣೀರು ಧಾರಾಳವಾಗಿ ಕುಡಿಯಬಹುದು. ಬಿಸಿನೀರಿಗೆ ಗಂಧಕದ ವಾಸನೆ ಬಂದರೆ ಗಾಬರಿ ಬೇಡ.

ಈಗ ನೀನು ಮಾಡಬೇಕಾದದ್ದು. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಅಂದರೆ ನೀನು ಆಗಲೇ ತಡ. ಮೂವತ್ತು ಸಾವಿರ ಯೂರೊ ವೈದ್ಯಕೀಯ ವಿಮೆ ಕಡ್ಡಾಯ; ಅಮ್ಮನ ವಯಸ್ಸಿಗೆ ಅದಕ್ಕಿಂತ ಹೆಚ್ಚಿನದನ್ನೇ ಮಾಡಿಸು. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೋ, ಒಂದು ವರ್ಷ ನಡೆಯುತ್ತದೆ. ಬಹಳಷ್ಟು ಪೆಟ್ರೋಲ್ ಬಂಕ್‌ಗಳಲ್ಲಿ ಆಳುಗಳಿರುವುದಿಲ್ಲ, ಕಾರ್ಡ್ ಹಾಕಿ ಪಿನ್ ಒತ್ತಬೇಕು. ನಿನ್ನ ಕಾರ್ಡಿಗೆ ವಿದೇಶಿ ವಹಿವಾಟು ತೆರೆದಿದೆಯೇ ಎಂದು ಬ್ಯಾಂಕಿನಲ್ಲಿ ಕೇಳು. ನೀನೇ ಬ್ಯಾಂಕಿನಲ್ಲಿರುವವನು, ಆದರೂ ಕೇಳು.

ಹೋಪ್ನ್ ಕಡೆ ಜೂನ್ ತಿಂಗಳ ಕೋಣೆಗಳು ಬೇಗ ಭರ್ತಿಯಾಗುತ್ತವೆ. ನೆಲಮಹಡಿಯಲ್ಲಿ ಎರಡು ಕೋಣೆಗಳಿರುವ ಒಂದು ವಸತಿ ನೋಡಿಟ್ಟಿದ್ದೇನೆ, ಭಾನುವಾರದವರೆಗೆ ಕಾಯ್ದಿರಿಸುತ್ತಾರೆ. ಹನ್ನೊಂದು ರಾತ್ರಿಗೆ ರಜೆ ಸಿಗುತ್ತದೆಯೋ ಇಲ್ಲವೋ ಅಷ್ಟರೊಳಗೆ ತಿಳಿಸು. ಒಂಬತ್ತೇ ಎಂದಾದರೆ ಉತ್ತರವನ್ನು ಬಿಟ್ಟು ದಕ್ಷಿಣದಲ್ಲೇ ಹೋಗಿ ಬರೋಣ, ಆದರೆ ಏಳು ದಿನದ ಸುತ್ತಿಗೆ ನಾನು ಬರುವುದಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಶ್ರೀಪಾದ